ಕೆಡಿಸಿದ ಬೆಳಕು

2024 ಜೂನ್ 10, ಸೋಮವಾರ

ಪ್ರಾಚಾರ್ಯ ಗುರುಲಿಂಗಪ್ಪನವರು ಇಂದು ಕೋಣೆಗೆ ಕರೆದು, ಕೂಡಿಸಿ, ಚಹಾ ತರಿಸಿದರು. ಗೋಕಾಕದ ಈ ಕಾಲೇಜಿನಲ್ಲಿ ನನಗೆ ಹದಿನಾಲ್ಕು ವರ್ಷವಾಯಿತು, ಅವರು ಚಹಾ ತರಿಸಿದ್ದು ಇದೇ ಮೊದಲು. ಕಪ್ಪು ಕೈಗೆ ಬಂದಾಗಲೇ ಸುದ್ದಿ ಕೆಟ್ಟದ್ದೆಂದು ತಿಳಿಯಿತು. ಭೌತಶಾಸ್ತ್ರಕ್ಕೆ ಕಾಯಂ ಪ್ರಾಧ್ಯಾಪಕಿ ಬರುತ್ತಿದ್ದಾಳೆ. ನನ್ನ ತರಗತಿಗಳೆಲ್ಲ ಆಕೆಗೆ.

"ದುಂಡೇಶ ಅವ್ರ, ನೀವು ನಮ್ಮ ಮನಿ ಮಂದಿ ಇದ್ದಂಗ," ಎಂದರು. ಇಷ್ಟು ವರ್ಷ ಕಾಗದದ ಮೇಲೆ ನಾನು ಅತಿಥಿ ಉಪನ್ಯಾಸಕ. ಹೊರಗೆ ಹಾಕುವ ದಿನ ಮನೆ ಮಂದಿ.

ಕರುಣೆಯೂ ಇದೆ. ನವೆಂಬರ್ ಕೊನೆಗೆ ಕಾಲೇಜಿಗೆ ದರ್ಜೆ ಕೊಡುವ ಸಮಿತಿ ಬರುತ್ತದೆ. ಅಲ್ಲಿಯವರೆಗಂತೂ ಲ್ಯಾಬು ನೋಡಿಕೊಂಡು, ಹೊಸ ಮೇಡಂಗೆ 'ಸಹಾಯ' ಮಾಡಿಕೊಂಡು ಇರಬಹುದಂತೆ. ಮೂಡಲಗಿ ಕಾಲೇಜಿನ ಎರಡು ದಿನದ ಪಾಠ ಹೇಗೂ ಇದೆ. ಹೂಂ ಎಂದೆ. ಚಹಾ ಮಾತ್ರ ಸಕ್ಕರೆ ಪಾಕ.

ಸಂಜೆ ಶೈಲಾ ನಾಗನೂರಿನ ಅಂಗನವಾಡಿಯಿಂದ ಬಂದ ಮೇಲೆ ಹೇಳಿದೆ. "ಆಕಿದೇನ್ ತಪ್ಪೈತ್ರಿ? ಪರೀಕ್ಷಾ ಬರದ್ಲು, ಪಾಸಾದ್ಲು," ಎಂದಳು. ಗಂಡನ ಪರವಾಗಿ ಒಂದು ಮಾತು ಆಡಬಾರದೆಂದು ಈಕೆಗೆ ಯಾರೋ ಆಣೆ ಹಾಕಿರಬೇಕು.

ಜೂನ್ 19, ಬುಧವಾರ

ಬಂದಳು. ಹೆಸರು ವಿದ್ಯಾ, ಊರು ಹುಕ್ಕೇರಿ, ವಯಸ್ಸು ಮೂವತ್ತೊಂದು, ಬೆಳಕಿನ ಮೇಲೆ ಡಾಕ್ಟರೇಟು. ಎಡಗೈಯಲ್ಲಿ ಊಟದ ಡಬ್ಬಿ, ಬಲಗೈಯಲ್ಲಿ ಲೇಸರಿನ ಪೆಟ್ಟಿಗೆ. ಎಲ್ಲರೂ ಮೊದಲ ದಿನ ಸ್ಟಾಫ್ ರೂಮಿನಲ್ಲಿ ತಮ್ಮ ಕುರ್ಚಿ ಯಾವುದೆಂದು ಕೇಳುತ್ತಾರೆ. ಈಕೆ ಲ್ಯಾಬಿನ ಕೀಲಿ ಕೇಳಿದಳು. ನಾಟಕ.

ಕಪಾಟು ತೆಗೆದು ಒಂದೊಂದೇ ಸಾಮಾನಿನ ಧೂಳು ಊದತೊಡಗಿದಳು.

"ಸರ್, ಇದನ್ನ ಯಾರೂ ಬಳಸಂಗಿಲ್ಲೇನ್ರಿ?"

"ಬಳಸಾಕ ಹುಡುಗ್ರು ಲ್ಯಾಬಿಗೆ ಬರಬೇಕಲ್ರಿ ಮೇಡಂ."

"ಹಂಗಲ್ರಿ, ನೀವು?"

ನಾನು! ಎರಡು ಊರಿನ ನಡುವೆ ಓಡಾಡಿ ಪಾಠ ಹೇಳುವವನು ಸಂಜೆಗೆ ಲ್ಯಾಬಿನಲ್ಲಿ ಸಂಶೋಧನೆಯನ್ನೂ ಮಾಡಬೇಕಿತ್ತೇನೋ. ಆಮೇಲೆ ತನಗೆ ಮಸುಕು ಗಾಜು ಬೇಕೆಂದಳು. "ಬಚ್ಚಲ ಕಿಟಕಿಗೆ ಹಾಕತಾರಲ್ರಿ ಸರ್, ಅದು." ಡಾಕ್ಟರೇಟು ಮಾಡಿದವರಿಗೆ ಬಚ್ಚಲ ಕಿಟಕಿಯ ಗಾಜು. ಪೇಟೆಗೆ ಹೋಗಿ ತಂದುಕೊಟ್ಟೆ, ಅದಕ್ಕೇ ಅಲ್ಲವೇ ನನ್ನನ್ನು ಇಟ್ಟುಕೊಂಡಿರುವುದು.

ಜೂನ್ 27, ಗುರುವಾರ

ಮಸುಕು ಗಾಜಿನ ಗುಟ್ಟು ಇಂದು ಹೊರಬಿತ್ತು. ಅದನ್ನು ದುಂಡಗೆ ಕತ್ತರಿಸಿ, ಹಳೆಯ ಸಿ.ಡಿ. ಪ್ಲೇಯರಿನ ಮೋಟಾರಿಗೆ ಸಿಕ್ಕಿಸಿ ತಿರುಗಿಸುತ್ತಾಳೆ. ಲೇಸರ್ ಆ ತಟ್ಟೆಯ ಮೂಲಕ ಹಾಯುತ್ತದೆ.

ಲೇಸರೆಂದರೆ ಏನು? ಅದರ ಅಲೆಗಳೆಲ್ಲ ಒಂದೇ ಹೆಜ್ಜೆ ಹಾಕುತ್ತವೆ, ಒಂದು ಮೂಲೆಯ ಅಲೆಯನ್ನು ನೋಡಿ ಇನ್ನೊಂದು ಮೂಲೆಯದನ್ನು ಹೇಳಬಹುದು. ಸಂಸಕ್ತ ಬೆಳಕು ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಅದನ್ನು ಮಾಡಲು ಜಗತ್ತಿನ ಬುದ್ಧಿವಂತರು ಹೆಣಗಿದರು. ಈ ಮಹಾತಾಯಿ ಅದನ್ನು ಬಚ್ಚಲ ಗಾಜಿನಲ್ಲಿ ಹಾಯಿಸಿ, ಹೆಜ್ಜೆ ತಪ್ಪಿಸಿ, ಅರ್ಧ ಕೆಡಿಸಿ, ಅರೆ ಸಂಸಕ್ತ ಬೆಳಕು ಎಂದು ಹೆಸರಿಡುತ್ತಾಳೆ.

"ಕೆಡಿಸಿದ ಬೆಳಕು ತಗೊಂಡು ಏನ್ ಮಾಡತೀರಿ ಮೇಡಂ?" ಎಂದೆ.

"ಕೆಟ್ಟದ್ದು ಕೆಟ್ಟೇ ಉಳಿಯಂಗಿಲ್ರಿ ಸರ್. ದೂರ ಹೋಗ್ತಾ ಹೋಗ್ತಾ ಮತ್ತ ಹೆಜ್ಜಿ ಕೂಡತೈತಿ. ಮತ್ತ, ಬಿಸಲಿನ ಗಾಳ್ಯಾಗ ಶುದ್ಧ ಲೇಸರಿಗಿಂತ ಇದs ಗಟ್ಟಿ ನಿಂದರತೈತಿ."

ಊಟದ ಹೊತ್ತಿಗೆ ಇದನ್ನು ಶೈಲಾಗೆ ಹೇಳಿ ನಗೋಣವೆಂದರೆ, ಆಕೆ "ಇರಬಹುದಲ್ರಿ" ಎಂದಳು. ಈ ಊರಿನಲ್ಲಿ ನಗಲಿಕ್ಕೂ ಜೊತೆಯಿಲ್ಲ.

ಜುಲೈ 28, ರವಿವಾರ

ಘಟಪ್ರಭೆ ಏರಿದೆ. ಲೋಳಸೂರ ಸೇತುವೆಯ ಮೇಲೆ ನೀರು, ಮೂಡಲಗಿಯ ಬಸ್ಸಿಲ್ಲ, ವಿದ್ಯಾಳ ಹುಕ್ಕೇರಿ ಬಸ್ಸೂ ಇಲ್ಲ. ಕಾಲೇಜಿಗೂ ರವಿವಾರದ ರಜೆ. ಲ್ಯಾಬಿನ ಕೀಲಿ ನನ್ನ ಹತ್ತಿರವೇ ಇತ್ತು. ಆಕೆಯ ತಪ್ಪು ಹಿಡಿಯಲು ಇದಕ್ಕಿಂತ ಒಳ್ಳೆಯ ದಿನ ಸಿಗುತ್ತದೆಯೇ?

ವರಾಂಡದ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿದೆ. ತಟ್ಟೆ ತಿರುಗಿಸಿದೆ. ಅದರ ಎದುರಿಗೇ, ಗೇಣು ದೂರದಲ್ಲಿ, ಎರಡು ಸೀಳುಗಳ ಹಾಳೆ ಇಟ್ಟೆ. ಹೆಜ್ಜೆ ಕೂಡಿದ ಬೆಳಕಾದರೆ ಸೀಳುಗಳ ಆಚೆ ಬೆಳ್ಳನೆಯ ಕರ್ರನೆಯ ಪಟ್ಟಿಗಳು ಮೂಡಬೇಕು. ಮೂಡಲಿಲ್ಲ. ಬರೀ ಮಬ್ಬು. ನನಗೆ ಖುಷಿಯಾಯಿತು.

ಆಮೇಲೆ ಅದೇ ಹಾಳೆಯನ್ನು ಎತ್ತಿಕೊಂಡು ವರಾಂಡದ ತುದಿಗೆ ಹೋದೆ. ದಾರಿಯಲ್ಲಿ ಇನ್ನೊಂದು ಗಾಜಿಲ್ಲ, ಏನೂ ಇಲ್ಲ, ಬರೀ ಗಾಳಿ. ಅಲ್ಲಿ ಪಟ್ಟಿಗಳು ಮೂಡಿದವು. ಬಾಚಣಿಕೆಯ ಹಲ್ಲಿನಂತೆ ಸ್ಪಷ್ಟ.

ಹಾಳೆ ಅಲುಗಿರಬೇಕು ಎಂದು ಮತ್ತೆ ಮಾಡಿದೆ. ನಡುವೆ ನಾಲ್ಕಾರು ಜಾಗದಲ್ಲಿ ಇಟ್ಟು ನೋಡಿದೆ. ಹತ್ತಿರ ಮಬ್ಬು, ನಡುವೆ ಅನುಮಾನ, ದೂರ ಸ್ಪಷ್ಟ. ಊಟಕ್ಕೆ ಮನೆಗೆ ಹೋಗುವುದು ಮರೆತಿತ್ತು. ಶೈಲಾ ಛತ್ರಿ ಹಿಡಿದು ಹುಡುಕಿಕೊಂಡು ಬಂದಳು.

ಜುಲೈ 30, ಮಂಗಳವಾರ

ಲೆಕ್ಕ ಹಾಕಿದೆ. ತಟ್ಟೆಯ ಮೇಲೆ ಬೆಳಕಿನ ಚುಕ್ಕೆ ಎಷ್ಟು ಸಣ್ಣದೋ, ಹೋಗುವ ದೂರ ಎಷ್ಟು ಹೆಚ್ಚೋ, ಅಷ್ಟು ಅಗಲಕ್ಕೆ ಅಲೆಗಳು ಹೆಜ್ಜೆ ಕೂಡುತ್ತವೆ. ನಾನು ನೋಡಿದ್ದಕ್ಕೆ ಸರಿ ಹೊಂದುತ್ತದೆ. ಎಮ್ಮೆಸ್ಸಿಯಲ್ಲಿ ಇದನ್ನು ಓದಿಯೇ ಇದ್ದೆ, ಹೇಳಿಕೊಟ್ಟವರು ಸರಿಯಾಗಿ ಹೇಳಿಕೊಡಲಿಲ್ಲ, ಅಷ್ಟೇ.

ವಿದ್ಯಾಗೆ ಏನೂ ಹೇಳಿಲ್ಲ. ಈಗಾಗಲೇ ತಲೆಯ ಮೇಲೆ ಕುಳಿತಿದ್ದಾಳೆ.

ಸೆಪ್ಟೆಂಬರ್ 14, ಶನಿವಾರ

ಸಿ.ಡಿ. ಮೋಟಾರು ಗಾಣದ ಎತ್ತಿನಂತೆ ತಿರುಗುತ್ತದೆ. ತಟ್ಟೆ ಜೋರಾಗಿ ತಿರುಗದಿದ್ದರೆ ಬೆಳಕಿನಲ್ಲಿ ರವೆ ಚೆಲ್ಲಿದಂತೆ ಕಾಳು ಕಾಳು ಉಳಿಯುತ್ತದೆ. ಆಕೆಗೆ ಇದು ಗೊತ್ತು, ಆದರೆ "ಹೊಸಾ ಮೋಟಾರಿಗೆ ಅರ್ಜಿ ಹಾಕೇನ್ರಿ ಸರ್" ಎನ್ನುತ್ತಾಳೆ. ಅರ್ಜಿ! ಈ ಕಾಲೇಜಿನಲ್ಲಿ ಅರ್ಜಿಗಳು ಮೊಮ್ಮಕ್ಕಳ ಕಾಲಕ್ಕೆ ಫಲ ಕೊಡುತ್ತವೆ. ನಮ್ಮ ಮನೆಯ ಮಿಕ್ಸರಿನ ಮೋಟಾರು ಬಿಚ್ಚಿಕೊಂಡು ಹೋಗಿ ಕೂಡಿಸಿದೆ.

ಶೈಲಾ ಶೇಂಗಾ ಚಟ್ನಿಗೆ ಕುಳಿತಾಗ ಗೊತ್ತಾಯಿತು. "ಆಕಿ ಮ್ಯಾಲ ಅಷ್ಟು ಸಿಟ್ಟಿದ್ರ, ನನ್ನ ಮಿಕ್ಸರ್ ಯಾಕ್ರಿ ಒಯ್ದ್ರಿ?"

"ಮೋಟಾರ್ ಇಲ್ಲಂದ್ರ ಆಕಿ ನಾಳೆ, 'ಸಾಮಾನ ಇರಲಿಲ್ಲ, ಅದಕ್ಕ ಆಗಲಿಲ್ಲ' ಅಂತಾಳ. ಆಕಿಗೆ ಆ ನೆವ ಸಿಗಬಾರದು," ಎಂದೆ.

ಶೈಲಾ ಕಲ್ಲಿನಲ್ಲಿ ಚಟ್ನಿ ಕುಟ್ಟಿದಳು. ಚಟ್ನಿ ಚೆನ್ನಾಗಿತ್ತು, ಹೇಳಲಿಲ್ಲ.

ಅಕ್ಟೋಬರ್ 20, ರವಿವಾರ

ಬಿಸಿಲಿನ ಗಾಳಿಯಲ್ಲಿ ಅಳೆಯಲು ಬಯಲು ಬೇಕಿತ್ತು. ಧುಪದಾಳದ ಒಡ್ಡಿನ ಮೇಲೆ ಮಾಡೋಣವೆಂದಳು ವಿದ್ಯಾ. ಅಲ್ಲಿ ಪಕ್ಷಿ ನೋಡಲು ಬರುವವರೆಲ್ಲ ನಮ್ಮನ್ನೇ ನೋಡುತ್ತಾರೆ. ಕೊನೆಗೆ ನಮ್ಮೂರು ಘೋಡಗೇರಿಗೆ ನಾನೇ ಕರೆದೊಯ್ದೆ. ಗೋವಿನಜೋಳ ಕಿತ್ತು ನೇಗಿಲು ಹೊಡೆದ ಅಣ್ಣ ಮಾಲಿಂಗನ ಹೊಲ. ಮಧ್ಯಾಹ್ನ ಆ ಕರಿ ಮಣ್ಣಿನಿಂದ ಗಾಳಿ ಕುದಿಯುವುದು ಬರಿಗಣ್ಣಿಗೆ ಕಾಣುತ್ತದೆ. ಒಂದು ಬದುವಿನಲ್ಲಿ ಲೇಸರು, ಇನ್ನೂರು ಮೀಟರ್ ಆಚೆ ಕತ್ತಲ ಶೆಡ್ಡಿನಲ್ಲಿ ಕ್ಯಾಮೆರಾ ಮತ್ತು ಪರದೆ. ಪರದೆಯೆಂದರೆ ಯಾವನೋ ಪುಢಾರಿಯ ಹುಟ್ಟುಹಬ್ಬದ ಫ್ಲೆಕ್ಸು, ಹಿಂಬದಿ ಬಿಳಿ. ಆ ಮನುಷ್ಯನಿಂದ ಆದ ಮೊದಲ ಉಪಕಾರ.

ಅಣ್ಣನ ಕುರಿಗಳು ಅದೇ ಹೊಲದಲ್ಲಿದ್ದವು. ವಿದ್ಯಾ ಒಪ್ಪಲಿಲ್ಲ.

"ಅಣ್ಣಾರ, ಲೇಸರ್ ಕುರಿ ಕಣ್ಣಿಗೆ ಬಿತ್ತಂದ್ರ ಕಣ್ಣು ಹೋಗ್ತಾವ್ರಿ. ಮೊದಲ ಅವನ್ನ ಆಚಿ ಹೊಡೀರಿ."

ಮಾಲಿಂಗ ನನ್ನ ಕಡೆ ತಿರುಗಿದ. "ಲೇ ದುಂಡ್ಯಾ, ಈ ಅಕ್ಕಾರು ಹೇಳೂದು ಖರೆ ಏನು?"

"ಖರೆ ಐತಿ. ಹೊಡಿ."

ಮೂಲೆಯಿಂದ ಮೂಲೆಗೆ ಹಗ್ಗ ಕಟ್ಟಿದಳು, ಯಾರೂ ದಾಟಬಾರದೆಂದು. ಕುರಿಗೂ ಕಾನೂನು. ಅತ್ತಿಗೆ ಕೆಂಚವ್ವ ರೊಟ್ಟಿ ತಂದಾಗ ಹಗ್ಗ ಸುತ್ತಿ ಬರಬೇಕಾಯಿತು, ಆಕೆಯ ಬೈಗುಳ ನನಗೆ.

ಬಿಸಿಲು ಏರಿದ ಮೇಲೆ ಶೆಡ್ಡಿನೊಳಗೆ ಹೋಗಿ ಪರದೆಯ ಮುಂದೆ ನಿಂತೆ. ಮೊದಲು ಶುದ್ಧ ಲೇಸರ್. ಚುಕ್ಕೆ ಒಂದು ಕಡೆ ನಿಲ್ಲಲೊಲ್ಲದು, ಕಾದ ಹಂಚಿನ ಮೇಲೆ ನೀರು ಬಿದ್ದಂತೆ ಒಡೆಯುತ್ತದೆ, ಕೂಡುತ್ತದೆ, ಹಾರುತ್ತದೆ. ಆಮೇಲೆ ಆಕೆ ಗಾಜಿನ ತಟ್ಟೆ ಅಡ್ಡ ತಂದಳು. ಚುಕ್ಕೆ ಅಗಲವಾಯಿತು, ಮಂಕಾಯಿತು. ಮತ್ತು ನಿಂತಿತು.

ಅಕ್ಟೋಬರ್ 21, ಸೋಮವಾರ

ಬರೆಯುವಂಥದ್ದು ಏನಿಲ್ಲ. ನಿಂತಿತ್ತು, ಅಷ್ಟೇ.

ನವೆಂಬರ್ 9, ಶನಿವಾರ

ಸಿಕ್ಕಿಬಿದ್ದಳು!

ಆಕೆಯ ಲೆಕ್ಕದ ಪ್ರಕಾರ ಬಿಸಿಲಿನ ಗಾಳಿಯಲ್ಲಿ ಶುದ್ಧ ಲೇಸರಿನ ಮಿನುಗಾಟಕ್ಕೆ ಹೋಲಿಸಿದರೆ ಕೆಡಿಸಿದ ಬೆಳಕಿನದು ಐದರಲ್ಲಿ ಒಂದು ಪಾಲು. ಗುರುಲಿಂಗಪ್ಪನವರು ಇದನ್ನು ಸಮಿತಿಗೆಂದು ದೊಡ್ಡ ಹಲಗೆಯ ಮೇಲೆ ಬರೆಸುತ್ತಿದ್ದಾರೆ. ಬೆಳಕು ಏನೆಂದು ಅವರಿಗೆ ಗೊತ್ತಿಲ್ಲ, ಐದು ಪಟ್ಟು ಎಂಬುದು ಗೊತ್ತಾಗಿದೆ. ಜೊತೆಗೆ ಗೋಡೆಯ ಮೇಲೆ ಲೇಸರಿನಲ್ಲಿ ಕಾಲೇಜಿನ ಲಾಂಛನ ಕುಣಿಸಬೇಕಂತೆ.

ಇಂದು ಫೋಟೋಗಳನ್ನು ಒಂದೊಂದೇ ತೆಗೆದು ನೋಡಿದೆ. ಕೆಡಿಸಿದ ಬೆಳಕು ಮಂಕು. ಅದಕ್ಕೆ ಕ್ಯಾಮೆರಾ ತಾನಾಗಿಯೇ ಕಣ್ಣನ್ನು ಹೆಚ್ಚು ಹೊತ್ತು ತೆರೆದಿದೆ. ಲೇಸರಿಗೆ ಚಿಟಿಕೆಯಷ್ಟು, ಇದಕ್ಕೆ ಅದರ ಹತ್ತಾರು ಪಟ್ಟು. ಅಷ್ಟು ಹೊತ್ತು ಕಣ್ಣು ತೆರೆದರೆ ಗಾಳಿಯ ಕುಣಿತವೆಲ್ಲ ಒಂದರ ಮೇಲೊಂದು ಬಿದ್ದು ಅಳಿಸಿಹೋಗುತ್ತದೆ. ಓಡುವವನ ಫೋಟೋ ಮಸುಕಾದರೆ ಅವನು ನಿಂತಿದ್ದ ಎಂದ ಹಾಗಾಯಿತು. ಆ ಐದು ಪಟ್ಟಿನಲ್ಲಿ ಬೆಳಕಿನ ಗುಣ ಎಷ್ಟು, ಕ್ಯಾಮೆರಾದ ಸೋಮಾರಿತನ ಎಷ್ಟು, ದೇವರೇ ಬಲ್ಲ.

ಡಾಕ್ಟರೇಟು! ಜೂನ್‌ನಿಂದ ಕಾಯುತ್ತಿದ್ದ ದಿನ. ಸುಮ್ಮನೆ ಇದ್ದರಾಯಿತು. ಸಮಿತಿಯ ಎದುರಿಗೆ ಆಕೆ ಹಲಗೆ ತೋರಿಸುತ್ತಾಳೆ, ನಾನು ಹಿಂದಿನಿಂದ ಕೈ ಎತ್ತಿ ಒಂದೇ ಪ್ರಶ್ನೆ ಕೇಳುತ್ತೇನೆ.

ನವೆಂಬರ್ 10, ರವಿವಾರ

ಬೆಳಿಗ್ಗೆ ಹುಕ್ಕೇರಿ ಬಸ್ಸು ಹತ್ತಿದೆ. ಕಾರಣ ಬರೆದಿಡುತ್ತೇನೆ. ತಪ್ಪು ಅಂಕಿ ಒಮ್ಮೆ ಹಲಗೆ ಏರಿತೆಂದರೆ ಗುರುಲಿಂಗಪ್ಪನಂಥವರು ಅದನ್ನು ಇನ್ನೂ ಹತ್ತು ವರ್ಷ ಭಾಷಣದಲ್ಲಿ ಹೇಳುತ್ತಾರೆ. ಅದನ್ನು ಕೇಳುವ ಶಕ್ತಿ ನನಗಿಲ್ಲ. ಬೇರೇನೂ ಇಲ್ಲ.

ಬಾಗಿಲು ತೆರೆದವರು ವಿದ್ಯಾಳ ತಾಯಿ ದಾಕ್ಷಾಯಿಣಿ. "ಬರ್ರಿ ಬರ್ರಿ, ದುಂಡೇಶ ಸರ್ ಅಲ್ರಿ? ದಿನಾ ನಿಮ್ಮ ಸುದ್ದೀನs ಹೇಳತಾಳ," ಎಂದರು. ಏನು ಸುದ್ದಿಯೋ.

ವಿದ್ಯಾ ತಲೆಗೆ ಎಣ್ಣೆ ಹಚ್ಚಿಕೊಂಡು ಕುಳಿತಿದ್ದಳು. ಫೋಟೋ ತೋರಿಸಿದೆ. ವಾದಿಸುತ್ತಾಳೆಂದು ನಾಲ್ಕು ಉತ್ತರ ತಯಾರಿ ಮಾಡಿಕೊಂಡು ಹೋಗಿದ್ದೆ. ಆಕೆ ವಾದಿಸಲೇ ಇಲ್ಲ. ಎರಡು ಫೋಟೋ ಪಕ್ಕಪಕ್ಕ ಇಟ್ಟು, ಕ್ಯಾಮೆರಾ ತೆರೆದ ಹೊತ್ತನ್ನು ಬೆರಳಿಟ್ಟು ಓದಿದಳು.

"ನಾ ಇದನ್ನ ನೋಡಬೇಕಿತ್ರಿ ಸರ್."

"ನೋಡಬೇಕಿತ್ತು."

"ಅವತ್ತು ಅದು ನಿಂತಿದ್ದು ನೋಡಿ ಅಷ್ಟು ಖುಷಿ ಆಗಿತ್ರಿ. ಮುಂದ ಕೇಳಾಕ ಹೋಗಲಿಲ್ಲ."

ನನಗೂ ಅವತ್ತು ಹಾಗೆಯೇ ಆಗಿತ್ತು ಎಂದು ನಾಲಗೆಯ ತುದಿಗೆ ಬಂತು. ಬದಲಿಗೆ, "ಮತ್ತ ಅಳೀಬೇಕು. ಎರಡಕ್ಕೂ ಒಂದs ಹೊತ್ತು, ಒಂದs ಕಣ್ಣು. ಲೇಸರ್ ಹೆಚ್ಚಾದ್ರ ವೆಲ್ಡಿಂಗ್ ಗಾಜು ಅಡ್ಡ ಇಡೋಣು. ಮಂಕ ಬೆಳಕು ಕಾಣಾಕ ಎರಡಕ್ಕೂ ಅದs ದೊಡ್ಡ ಮಸೂರ ಹಾಕೋಣು," ಎಂದೆ. ಬಸ್ಸಿನಲ್ಲಿ ಬರುವಾಗ ಬೇರೆ ಕೆಲಸವಿಲ್ಲದೆ ಯೋಚಿಸಿದ್ದು.

"ಆಮ್ಯಾಲ ಏನೂ ಉಳೀಲಿಲ್ಲಂದ್ರ?"

"ಏನೂ ಉಳೀಲಿಲ್ಲ ಅಂತ ಹೇಳೋದು."

ತಾಯಿ ಅವಲಕ್ಕಿ ತಂದಿಟ್ಟರು. ಉಪ್ಪು ಹೆಚ್ಚಾಗಿತ್ತು. ಎರಡು ಸಲ ಹಾಕಿಸಿಕೊಂಡೆ, ಬೇಡವೆಂದರೆ ಬಿಡುವ ಹೆಂಗಸಲ್ಲ.

ನವೆಂಬರ್ 17, ರವಿವಾರ

ಘೋಡಗೇರಿ. ಬೆಳಿಗ್ಗೆಯಿಂದ ಸಂಜೆಯವರೆಗೆ. ವೆಲ್ಡಿಂಗ್ ಗಾಜು ಮಾಲಿಂಗನ ಪರಿಚಯದ ಗ್ಯಾರೇಜಿನಿಂದ ತಂದದ್ದು. ವಿದ್ಯಾ ಲೇಸರಿನ ಕಡೆ, ನಾನು ಶೆಡ್ಡಿನೊಳಗೆ, ನಡುವೆ ಫೋನಿನಲ್ಲಿ ಕೂಗಾಟ. ಎರಡೂ ಬೆಳಕಿಗೆ ಕ್ಯಾಮೆರಾದ ಕಣ್ಣು ಒಂದೇ ಅಳತೆಗೆ ತೆರೆದು ಮುಚ್ಚಿತು. ಈ ಸಲ ಕೆಡಿಸಿದ ಬೆಳಕೂ ಅಲುಗಾಡಿತು. ಮಸೂರ ಒರೆಸಿ ಮತ್ತೆ ನೋಡಿದೆ, ಆಗಲೂ ಅಲುಗಾಡಿತು.

ಲೆಕ್ಕ ಹಾಕಿದಾಗ ಲೇಸರಿನ ಮಿನುಗಾಟ ಮೂರು ಪಾಲೆಂದರೆ ಇದರದು ಎರಡು ಪಾಲು. ಐದು ಪಟ್ಟು ಹೋಯಿತು. ಆದರೆ ಮುಂಜಾನೆ, ಮಧ್ಯಾಹ್ನ, ಇಳಿಹೊತ್ತು, ಯಾವಾಗ ಅಳೆದರೂ ಕೆಡಿಸಿದ ಬೆಳಕೇ ಕಡಿಮೆ ಅಲುಗಿದ್ದು. ಒಂದು ಸಲವೂ ತಿರುಗುಮುರುಗಾಗಲಿಲ್ಲ.

ವಿದ್ಯಾ ಬದುವಿನ ಮೇಲೆ ಕುಳಿತುಬಿಟ್ಟಳು. "ಇಷ್ಟ ಸಣ್ಣದು ಐತಿ ನೋಡ್ರಿ ಸರ್."

"ಸಣ್ಣದು ಐತಿ. ಖರೆ ಐತಿ," ಎಂದೆ.

ಮಾಲಿಂಗ ಕುರಿ ಹಾಲಿನ ಚಹಾ ಕೊಟ್ಟ. ವಿದ್ಯಾ ಮೊದಲ ಗುಟುಕಿಗೇ ಮುಖ ಹಿಂಡಿದಳು. ಪಟ್ಟಣದವರು.

ನವೆಂಬರ್ 28, ಗುರುವಾರ

ಸಮಿತಿ ಬಂತು. ಮೂವರು. ಶಾಲು, ಹಾರ, ಗೋಡಂಬಿ. ಗೋಡೆಯ ಮೇಲೆ ಕಾಲೇಜಿನ ಲಾಂಛನ ಕುಣಿಯಿತು, ಚಪ್ಪಾಳೆ ಬಿತ್ತು.

ಐದು ಪಟ್ಟಿನ ಹಲಗೆಯನ್ನು ವಿದ್ಯಾ ತೆಗೆಸಿದ್ದಳು. ಗುರುಲಿಂಗಪ್ಪನವರು ಬೇಡಿಕೊಂಡರೂ ಕೇಳಿರಲಿಲ್ಲ. ಸಣ್ಣ ಹಾಳೆಯ ಮೇಲೆ ನಿಜವಾದ ಅಂಕಿ ಬರೆದು ಅಂಟಿಸಿದ್ದಳು. ಸಮಿತಿಯ ಹಿರಿಯ ಸದಸ್ಯರು ಅದನ್ನು ನೋಡಿ ನಕ್ಕರು. "ಚಂದಾಗಿದ್ದ ಲೇಸರನ್ನ ಬಚ್ಚಲ ಗಾಜು ಹಾಕಿ ಕೆಡಿಸೂದು, ಆಮ್ಯಾಲ ಅದನ್ನ ಸಂಶೋಧನಾ ಅನ್ನೂದು! ಇಷ್ಟ ಸಣ್ಣ ಲಾಭಕ್ಕ ಇಷ್ಟೆಲ್ಲಾ ಯಾಕವಾ?"

ವಿದ್ಯಾ ಬಾಯಿ ತೆರೆಯುವ ಮೊದಲೇ ನಾನು ಶುರು ಮಾಡಿಬಿಟ್ಟೆ. ಆ ಮನುಷ್ಯನ ಅಜ್ಞಾನ ಸಹಿಸಲಾಗಲಿಲ್ಲ, ಇಷ್ಟೇ ಕಾರಣ.

"ಸಾಹೇಬ್ರ, ಶುದ್ಧ ಲೇಸರ್ ಹೊಲದಾಗ ಹರಕೊಂಡು ಹೋಗೂದನ್ನ ನೀವು ನೋಡೀರೇನು? ಹೆಜ್ಜಿ ಒಂದs ಇದ್ದದ್ದಕ್ಕs ಅದು ಹರೀತೈತಿ. ಗಾಳಿ ಒಂದು ಕಡೆ ದೂಡಿದ್ರ ಇಡೀ ಲೇಸರ್ ಕೆಡತೈತಿ. ಇದರಾಗ ಸಾವಿರ ಹೆಜ್ಜಿ ಅದಾವು. ಒಂದು ತಪ್ಪಿದ್ರ ಇನ್ನೊಂದು ತುಂಬತೈತಿ. ಸಣ್ಣದಂತ ಸಣ್ಣದು! ಅಳದದ್ದು ಐತಿ, ಗಾಳಿಗೆ ಹಾರಿಸಿದ್ದಲ್ಲ!"

ದನಿ ಏರಿತ್ತು ಎಂದು ಆಮೇಲೆ ಗೊತ್ತಾಯಿತು. ಹಿರಿಯರು "ಆಯ್ತು ಆಯ್ತು" ಎಂದು ಮುಂದಿನ ಕೋಣೆಗೆ ನಡೆದರು, ಅಲ್ಲಿ ಬಾದಾಮಿ ಹಾಲು ಕಾದಿತ್ತು. ಯಾರಿಗೂ ಏನೂ ಅರ್ಥವಾಗಲಿಲ್ಲ.

ಸಂಜೆ ಗುರುಲಿಂಗಪ್ಪನವರು ಕರೆದರು. ಈ ಸಲ ಚಹಾ ಇಲ್ಲ. "ನೀವು ಇಲ್ಲಿ ಯಾರ್ರೀ ಮಾತಾಡಾಕ? ಸೋಮವಾರದಿಂದ ಬರಬ್ಯಾಡ್ರಿ."

ನವೆಂಬರ್ 29, ಶುಕ್ರವಾರ

ವಿದ್ಯಾ ಪ್ರಾಚಾರ್ಯರ ಕೋಣೆಗೆ ಹೋಗಿ ಜಗಳವಾಡಿ ಬಂದಳಂತೆ. ನನಗಾಗಿ ಯಾರೂ ಬೀದಿ ನಾಟಕ ಆಡಬೇಕಿಲ್ಲ ಎಂದು ಹೇಳಿದೆ. ಅತ್ತಳು. ಡಾಕ್ಟರೇಟು ಮಾಡಿದವರು ಅಳಬಾರದೆಂಬ ನಿಯಮವಿಲ್ಲ ಎನ್ನಿ. ಲ್ಯಾಬಿನ ಕೀಲಿ ಆಕೆಯ ಕೈಗೆ ಕೊಟ್ಟೆ. ಮೂರನೆಯ ಕಪಾಟಿನ ಬಾಗಿಲು ಸ್ವಲ್ಪ ಎತ್ತಿ ಎಳೆಯಬೇಕೆಂದು ತೋರಿಸಿಕೊಟ್ಟೆ.

ಶೈಲಾ ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿದ್ದಳು. ವಾರದ ನಡುವೆ ಇದೇನು ಹಬ್ಬವೋ.

ಡಿಸೆಂಬರ್ 22, ರವಿವಾರ

ಇನ್ನು ಮೂಡಲಗಿಯ ಎರಡು ದಿನ ಮಾತ್ರ. ಉಳಿದ ಐದು ದಿನ ಮನೆಯಲ್ಲಿ ನನ್ನನ್ನು ಸಹಿಸಲಾಗದೆ ಶೈಲಾಳೇ ಹೇಳಿದಳು, "ರವಿವಾರ ಘೋಡಗೇರಿಗರ ಹೋಗ್ರಿ." ಹೋದೆ. ವಿದ್ಯಾ ಬಸ್ ಸ್ಟ್ಯಾಂಡಿನಲ್ಲಿ ಪೆಟ್ಟಿಗೆ ಹಿಡಿದು ನಿಂತಿದ್ದಳು. ಶೈಲಾ, ಆಕೆ ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆಂದು ತೋರುತ್ತದೆ.

ಮಂಜಿನ ಮುಂಜಾನೆ ಗಾಳಿ ತಣ್ಣಗೆ, ನೆಲ ತಣ್ಣಗೆ. ಇಂಥ ಹೊತ್ತಿನಲ್ಲಿ ಎರಡೂ ಬೆಳಕು ಸಮಸಮ ನಿಂತವು. ಹೊತ್ತು ಏರಿದ ಹಾಗೆ ಬೇರೆ ಬೇರೆಯಾದವು. ಯಾವ ಹೊತ್ತಿನಿಂದ ಬೇರೆಯಾಗತೊಡಗುತ್ತವೆ ಎಂದು ಹಿಡಿಯಬೇಕು. ವಿದ್ಯಾಗೆ ಟ್ರೈಪಾಡ್ ಗಟ್ಟಿ ಮಾಡಲು ಇನ್ನೂ ಬರುವುದಿಲ್ಲ, ನಾನಿಲ್ಲದಿದ್ದರೆ ಒಂದು ಅಳತೆಯೂ ಸರಿಯಾಗುವುದಿಲ್ಲ. ಬರುವ ರವಿವಾರವೂ ಹೋಗಲೇಬೇಕಾಗಿದೆ.

2025 ಫೆಬ್ರವರಿ 16, ರವಿವಾರ

ನಮ್ಮ ಅಳತೆಗಳ ಲೇಖನ ಕಳಿಸಿದ್ದ ಸಂಶೋಧನಾ ಪತ್ರಿಕೆಯವರಿಂದ ಉತ್ತರ ಬಂದಿದೆ. ಪರೀಕ್ಷಿಸಿದವನು ಯಾರೋ ಮಹಾನುಭಾವ. 'ಪರಿಣಾಮ ಚಿಕ್ಕದು, ಆದರೆ ಅಳತೆ ಎಚ್ಚರದ್ದು' ಎಂದು ಬರೆದಿದ್ದಾನೆ. ಕ್ಯಾಮೆರಾ ಎಷ್ಟು ಹೊತ್ತು ತೆರೆದಿತ್ತೆಂದು ವಿವರ ಕೇಳಿದ್ದಾನೆ. ನಾನು ಅವನಿಗೆ ಮೂರು ಪುಟ ಉತ್ತರ ಬರೆದೆ. ವಿದ್ಯಾ ಅದನ್ನು ನಾಲ್ಕು ಸಾಲು ಮಾಡಿದಳು. ಬೈಗುಳ ತೆಗೆದರೆ ಉಳಿದದ್ದು ಇಷ್ಟೇ ಸರ್ ಎಂದಳು.

ಮಧ್ಯಾಹ್ನ ಬದುವಿನ ಮೇಲೆ ಕುಳಿತು ಲ್ಯಾಪ್‌ಟಾಪಿನಲ್ಲಿ ಕೊನೆಯ ಪ್ರತಿ ತುಂಬುತ್ತಿದ್ದಳು. ನಮ್ಮಿಬ್ಬರ ಹೆಸರು. ಹೆಸರಿನ ಕೆಳಗೆ ಯಾವ ಸಂಸ್ಥೆಯೆಂದು ಬರೆಯಬೇಕಂತೆ. ಆಕೆಯದು ಗೋಕಾಕದ ಕಾಲೇಜು.

"ನಿಮಗೂ ಕಾಲೇಜ್ ಹೆಸರs ಹಾಕ್ಲೇನ್ರಿ ಸರ್? ಅಳದಾಗ ಅಲ್ಲೇ ಇದ್ರಿ."

"ಬ್ಯಾಡ."

"ಮೂಡಲಗಿದು?"

"ಅಲ್ಲೂ ನಾ ಅತಿಥೀನs. ಬ್ಯಾಡ."

"ಏನರ ಹಾಕಲೇಬೇಕ್ರಿ, ಖಾಲಿ ಬಿಟ್ರ ಮುಂದ ಹೋಗಂಗಿಲ್ಲ."

ಎದುರಿಗೆ ಶೆಡ್ಡು, ಹಗ್ಗ, ಹಗ್ಗದ ಆಚೆ ಮಾಲಿಂಗನ ಕುರಿಗಳು.

"ಘೋಡಗೇರಿ ಅಂತ ಹಾಕ್ರಿ. ತಾಲೂಕು ಹುಕ್ಕೇರಿ."

ಹಾಕಿದಳು. ಯಾವ ದೇಶದ ಓದುಗನಿಗೆ ಬೇಕಾದರೂ ನಕಾಶೆಯಲ್ಲಿ ಹುಡುಕಿಕೊಳ್ಳುವ ಶ್ರಮ ಬೀಳಲಿ. ಆಮೇಲೆ ಆ ಯಂತ್ರ ಪಿನ್ ಕೋಡ್ ಕೇಳಿತು. ಹುಟ್ಟಿದ ಊರಿನ ಪಿನ್ ಕೋಡ್ ನನಗೆ ಗೊತ್ತಿರಲಿಲ್ಲ. ಮಾಲಿಂಗನನ್ನು ಕೂಗಿ ಕೇಳಬೇಕಾಯಿತು.

"ಯಾಕೋ, ಏನರ ಪಾರ್ಸಲ್ ಬರೂದೈತೇನು?" ಎಂದ ಹೊಲದ ಆಚೆಯಿಂದ.

"ಬಂದ್ರೂ ಬರಬಹುದು," ಎಂದೆ.